ಏಳನೇ ವಾಲ್ವಿನ ಸಾಲು

ವಿಲ್‌ಬೆಕ್ ಶಾಖ ಸ್ಥಾವರ
22 ಆಗಸ್ಟ್ 2016

ಪ್ರಿಯ ತೋರ್ಕಿಲ್,

ನಿಮಗೆ ಕಾಗದದ ಮೇಲೆ ಪತ್ರ ಬರೆಯುವ ಕಾಲ ಬರುತ್ತದೆಂದು ನಾನು ಎಣಿಸಿರಲಿಲ್ಲ. ಇಮೇಲ್ ಕಳಿಸಿದರೆ ಪೆಟ್ಟಿಗೆ ತುಂಬಿದೆಯೆಂದು ವಾಪಸ್ ಬರುತ್ತದೆ. ಫೋನ್ ಮಾಡಿದರೆ ನಿಮ್ಮ ತಂಗಿ ಗ್ರೆಥೆ ಎತ್ತಿ, "ಅವನು ಆಲೂಗೆಡ್ಡೆ ಹೊಲದಲ್ಲಿದಾನಮ್ಮ" ಅನ್ನುತ್ತಾರೆ. ಬೆಳಿಗ್ಗೆಯೂ ಹೊಲ, ರಾತ್ರಿಯೂ ಹೊಲ. ಸಾಮ್ಸೋ ದ್ವೀಪದ ಆಲೂಗೆಡ್ಡೆಗೆ ಅಷ್ಟೊಂದು ಕಾವಲು ಬೇಕೆಂದು ನನಗೆ ಗೊತ್ತಿರಲಿಲ್ಲ.

ಮುಖ ಊದಿಸಿಕೊಂಡು ಹೋಗಿದ್ದೀರಿ, ಯಾಕೆಂದು ಹೇಳಿಲ್ಲ. ಊಹಿಸಿದ್ದೇನೆ. ಮೇ ತಿಂಗಳಲ್ಲಿ ನಾನು ನಮ್ಮ ಪ್ರೋಗ್ರಾಮಿನ ಫೈಲುಗಳನ್ನೆಲ್ಲ ಕೋಡ್ ಕಾಯ್ದಿಡುವ ಹೊಸ ಭಂಡಾರಕ್ಕೆ ಸಾಗಿಸಿದೆ. ಸಾಗಿಸದೆ ಏನು ಮಾಡಲಿ? ಒಂದು ಫೋಲ್ಡರಿಗೆ "ಹೊಸದು", ಇನ್ನೊಂದಕ್ಕೆ "ಹೊಸದು-2", ಆಮೇಲೆ "ಕೊನೆಯದು", ಅದಾದ ಮೇಲೆ "ನಿಜವಾಗಿಯೂ ಕೊನೆಯದು", ಅದರೊಳಗೆ "ಮುಟ್ಟಬೇಡಿ". ಊರಿನ ಅಷ್ಟೂ ಮನೆಗಳಿಗೆ ಬಿಸಿನೀರು ಕಳಿಸುವ ಪ್ರೋಗ್ರಾಮು ಇದರಲ್ಲಿ ಯಾವುದು ಎಂದು ಕೇಳಿದಾಗ, "ಓಡ್ತಾ ಇರೋದು" ಎಂದಿರಿ. ಇದೂ ಒಂದು ಉತ್ತರವೇ?

ಎರಡು ವಾರ ಕೂತು ಎಲ್ಲವನ್ನೂ ಜೋಡಿಸಿದೆ. ಹಳೆಯ ಬದಲಾವಣೆಗಳ ಚರಿತ್ರೆಯನ್ನೂ ಹೊಸ ಭಂಡಾರಕ್ಕೆ ತರಬೇಕಾದರೆ ಇನ್ನಷ್ಟು ದಿನ ಬೇಕಿತ್ತು, ನಮ್ಮ ಮ್ಯಾನೇಜರ್ ಹೆನ್ನಿಂಗ್ ಕೊಡಲಿಲ್ಲ. ಹಾಗಾಗಿ ಹಳೆಯದನ್ನು ಬಿಟ್ಟು ಹೊಸದಾಗಿ ಶುರು ಮಾಡಿದೆ. ಮೊದಲ ನಮೂದು "ಆರಂಭ", ಮಾಡಿದವರು ಮಲೇನ ಸ್ಕೋಬೋ. ನಿಮ್ಮನ್ನು ಕೇಳಿದ್ದೆ. "ನಿನ್ನಿಷ್ಟ" ಎಂದಿರಿ. ಮಾರನೇ ಸೋಮವಾರ ಬಂದು ಪರದೆ ನೋಡಿದಿರಿ, ಮೇಜಿನ ಕೆಳಗಿದ್ದ ನಿಮ್ಮ ಹಳೆಯ ಕಂಪ್ಯೂಟರನ್ನು ಎತ್ತಿ ಕಾರಿಗೆ ಹಾಕಿಕೊಂಡಿರಿ, ಶುಕ್ರವಾರದ ಹೊತ್ತಿಗೆ ನಿಮ್ಮ ನಿವೃತ್ತಿ ಪತ್ರ ಹೆನ್ನಿಂಗ್ ಮೇಜಿನ ಮೇಲಿತ್ತು.

ಈಗ ವಿಷಯ. ಸರ್ವರಿನಲ್ಲಿದ್ದ ಹಳೆಯ ಭಂಡಾರವನ್ನು ಜಾಗ ಸಾಲದೆ ನಾನೇ ಅಳಿಸಿದೆ. ಇನ್ನು ಅದು ಇರುವುದು ನಿಮ್ಮ ಆ ಕಂಪ್ಯೂಟರಿನಲ್ಲಿ ಮಾತ್ರ. ನನಗದು ಬೇಕು. ಕೋಡಿನಲ್ಲಿ ಒಂದೊಂದು ಸಾಲು ಯಾಕಿದೆ ಎಂದೇ ತಿಳಿಯುತ್ತಿಲ್ಲ. ಹೊರಗಿನ ಚಳಿ ಸೊನ್ನೆಗಿಂತ ಆರು ಡಿಗ್ರಿ ಕೆಳಗಿಳಿದರೆ ಏಳನೇ ವಾಲ್ವನ್ನು ಸ್ವಲ್ಪ ತೆರೆ ಎಂದು ಒಂದು ಸಾಲಿತ್ತು. ಯಾಕೆ ಎಂದಾಗ "ಅದು ಇರಲಿ" ಎಂದಿರಿ. ಪಕ್ಕದಲ್ಲಿ ಒಂದು ಅಕ್ಷರದ ವಿವರಣೆಯಿಲ್ಲ. ಜೂನ್‌ನಲ್ಲಿ ತೆಗೆದುಹಾಕಿದೆ. ತೆಗೆದಿದ್ದಕ್ಕೆ ಆಕಾಶವೇನೂ ಕಳಚಿ ಬೀಳಲಿಲ್ಲ.

ಕಂಪ್ಯೂಟರ್ ತೆಗೆದುಕೊಳ್ಳಲು ನಾನೇ ದೋಣಿ ಹತ್ತಿ ಬರುತ್ತೇನೆ, ಒಂದು ಮಾತು ಹೇಳಿ.

ನಿಮ್ಮ ಕಪ್ಪನ್ನು ಇನ್ನೂ ತೊಳೆಯದ
ಮಲೇನ

*

ಸಾಮ್ಸೋ, 9 ಸೆಪ್ಟೆಂಬರ್

ಮಲೇನ,

ಕಂಪ್ಯೂಟರ್ ಚೆನ್ನಾಗಿದೆ. ಗ್ರೆಥೆ ಅದರ ಮೇಲೆ ಈರುಳ್ಳಿ ಬುಟ್ಟಿ ಇಟ್ಟಿದ್ದಾಳೆ. ಅದು ನನ್ನ ದುಡ್ಡಿನಲ್ಲಿ ಕೊಂಡದ್ದು, ಸ್ಥಾವರದ್ದಲ್ಲ ಎಂದು ಹೆನ್ನಿಂಗ್‌ಗೂ ಹೇಳು.

ಕೊಡುವುದಿಲ್ಲ. ಕಪ್ಪನ್ನು ನೀನೇ ಇಟ್ಟುಕೋ.

ತೋರ್ಕಿಲ್

*

ವಿಲ್‌ಬೆಕ್, 15 ನವೆಂಬರ್

ತೋರ್ಕಿಲ್,

"ಪ್ರಿಯ" ಎಂದು ಬರೆಯಲು ಇವತ್ತು ಕೈ ಬರುತ್ತಿಲ್ಲ, ಕ್ಷಮಿಸಿ. ಅಥವಾ ಕ್ಷಮಿಸಬೇಡಿ, ಅದೂ ನಿಮ್ಮಿಷ್ಟ.

ಗುರುವಾರ ಮೊದಲ ಸಲ ಚಳಿ ಆರು ಡಿಗ್ರಿ ಕೆಳಗೆ ಹೋಯಿತು. ಶುಕ್ರವಾರ ಬೆಳಗಾಗುವುದರೊಳಗೆ ಎಂಗ್ವೈ ರಸ್ತೆಯ ಕೊನೆಯ ಮನೆಗಳಲ್ಲಿ ಕೋಣೆ ಕಾಯಿಸುವ ರೇಡಿಯೇಟರು ತಣ್ಣಗೆ. ಮೊದಲ ಫೋನ್ ಮಾಡಿದವರು ಆ ಕೊನೆಯ ಮನೆಯ ಎಲ್ಸೆಬೆತ್, ನಿಮಗೆ ಗೊತ್ತಲ್ಲ, ವರ್ಷವರ್ಷವೂ ಸ್ಥಾವರದ ಮಹಾಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಹೆಣಿಗೆ ಹಾಕುವ ಅಜ್ಜಿ.

"ನೋಡು ಮಗಳೇ, ಸ್ವೆಟರ್ ಮೇಲೆ ಸ್ವೆಟರ್ ಹಾಕ್ಕೊಂಡು, ಕೋಟೂ ಹಾಕ್ಕೊಂಡು ಕಾಫಿ ಕುಡೀತಾ ಇದೀನಿ. ಬೆಕ್ಕು ಒಲೆ ಒಳಗೆ ಹೋಗಿ ಮಲಗಿದೆ. ನಾನೂ ಹೋಗ್ಲಾ?"

"ಈಗಲೇ ನೋಡ್ತೀನಿ ಅಮ್ಮ."

"ನೋಡ್ತೀನಿ ಅಂದ್ರೆ ಬಿಸಿ ಬರತ್ತಾ? ತೋರ್ಕಿಲ್‌ನ ಕರಿ. ಅವನಿದ್ದಾಗ ಹಿಂಗೆ ಆಗಿದ್ದೇ ಇಲ್ಲ."

ತೋರ್ಕಿಲ್‌ನ ಕರಿ! ಎಲ್ಲರ ಬಾಯಲ್ಲೂ ಅದೇ. ಕರೆದರೆ ಓ ಅನ್ನಬೇಕಲ್ಲ ಆ ಮಹಾರಾಯ.

ನಾನು ತೆಗೆದ ಸಾಲಿನ ನೆನಪಾಯಿತು. ಓಡಿಹೋಗಿ ವಾಪಸ್ ಹಾಕಿದೆ. ಏನಾಯಿತು ಗೊತ್ತೇ? ಎಂಗ್ವೈ ಹಾಗೇ ತಣ್ಣಗಿದೆ, ಶಾಲೆ ಮಾತ್ರ ಕುದಿಯತೊಡಗಿತು. ಮಕ್ಕಳು ಬನಿಯನ್ನಿನಲ್ಲಿ ಕೂತು ಪಾಠ ಕೇಳಿದರಂತೆ, ಕಿಟಕಿಗಳೆಲ್ಲ ತೆರೆದಿಟ್ಟು. ನಕ್ಷೆಯ ಪ್ರಕಾರ ಏಳನೇ ವಾಲ್ವ್ ಶಾಲೆಯದು. ಬೇಸಿಗೆಯಲ್ಲಿ ಹೆನ್ನಿಂಗ್ ವೈರಿಂಗ್ ಎಲ್ಲ ಕಿತ್ತು ನಕ್ಷೆಯ ಪ್ರಕಾರ ಹೊಸದಾಗಿ ಹಾಕಿಸಿದ. ಹಾಗಾದರೆ ಮುಂಚೆ ಆ ಏಳು ಯಾವುದಾಗಿತ್ತು? ನನಗೆ ಸಾಲು ಬೇಡ ತೋರ್ಕಿಲ್, ಸಾಲು ನನ್ನ ಹತ್ತಿರ ಇದೆ. ಅದು ಯಾಕಿತ್ತು ಎನ್ನುವುದು ಬೇಕು.

ಹೆನ್ನಿಂಗ್ ಬಂದು ತಲೆಯ ಮೇಲೆ ನಿಂತ. "ಏನಮ್ಮ, ಚರಿತ್ರೆ ಚರಿತ್ರೆ ಅಂತೀಯಲ್ಲ, ಏನದು?"

ನಾನು ಹೇಳಿದೆ: ಯಾರಾದರೂ ಒಂದು ಸಾಲು ಬದಲಾಯಿಸಿದಾಗಲೆಲ್ಲ ಯಾರು, ಯಾವಾಗ, ಏನು ಬದಲಾಯಿಸಿದರು ಎಂದು ಭಂಡಾರ ಬರೆದಿಟ್ಟುಕೊಳ್ಳುತ್ತದೆ. ಯಾಕೆ ಬದಲಾಯಿಸಿದೆ ಎಂದು ಮಾಡಿದವರೇ ಒಂದು ಟಿಪ್ಪಣಿ ಬರೆಯಬೇಕು. ಹಳೆಯದು ಯಾವುದೂ ಕಳೆಯುವುದಿಲ್ಲ.

"ಕಳೆಯೋದಿಲ್ಲ ಅಂದ್ಮೇಲೆ ಎಲ್ಲೋಯ್ತು?"

"ನಾನು ಅಳಿಸಿದೆ."

"ಯಾಕೆ?"

"ನೀವು ಟೈಮ್ ಕೊಡ್ಲಿಲ್ಲ."

ಅವನು ಬಂದ ದಾರಿಯಲ್ಲೇ ವಾಪಸ್ ಹೋದ. ಅದೊಂದೇ ಈ ವಾರದ ಸಂತೋಷ.

ನಿಮ್ಮ ಹೆಸರು ಹೋಯಿತೆಂದು ಸಿಟ್ಟಿದ್ದರೆ ಆ ಸಿಟ್ಟು ನನ್ನ ಮೇಲಿರಲಿ. ಎಲ್ಸೆಬೆತ್ ಅಜ್ಜಿ ಏನು ಮಾಡಿದ್ದಾರೆ ನಿಮಗೆ? ನೀವೊಬ್ಬರು ಮಾಡಿದಿರಿ ಎನ್ನುವುದಕ್ಕೆ ಊರಿಗೆಲ್ಲ ಸಾಕ್ಷಿ ಬೇಕಾ? ಬೇಕಾದರೆ ಸ್ಥಾವರದ ಬಾಗಿಲ ಮೇಲೆ ಹಿತ್ತಾಳೆ ಫಲಕ ಹಾಕಿಸುತ್ತೇನೆ, ತೋರ್ಕಿಲ್ ಏಬಿಲ್ಡ್ ಎಂದು ಕೆತ್ತಿಸಿ. ಆಯಿತಾ?

ಮಲೇನ

*

ಸಾಮ್ಸೋ, 27 ನವೆಂಬರ್

ಮಲೇನ,

ನಿನ್ನ ಹಿತ್ತಾಳೆ ಫಲಕವನ್ನು ನೀನೇ ಕೊರಳಿಗೆ ಕಟ್ಟಿಕೊಂಡು ಓಡಾಡು.

ನನ್ನ ಹೆಸರು ಹೋಯಿತೆಂದು ಅರವತ್ತು ದಾಟಿದ ಗಂಡಸು ಮೂಲೆಯಲ್ಲಿ ಕೂತು ಅಳುತ್ತಿದ್ದಾನೆ ಎಂದುಕೊಂಡೆಯಲ್ಲ. ಆರು ವರ್ಷ ಪಕ್ಕದ ಮೇಜಿನಲ್ಲಿ ಕೂತಿದ್ದೆ. ಇಷ್ಟೇ ನೀನು ನನ್ನನ್ನು ಕಂಡದ್ದು.

ನಿನ್ನ ಪತ್ರ ಓದಿ ಗ್ರೆಥೆ ನನ್ನನ್ನು ಬೈದಳು. "ಮುದುಕಿ ಚಳೀಲಿ ಸಾಯ್ತಾ ಇದಾಳೆ, ನಿನ್ನ ಹಠ ನೋಡು" ಎಂದಳು. ಈರುಳ್ಳಿ ಬುಟ್ಟಿಯನ್ನು ಅವಳೇ ಇಳಿಸಿದಳು. ಹಾಕಿ ನೋಡಿದೆ, ಯಂತ್ರ ಇನ್ನೂ ಓಡುತ್ತದೆ. ಚರಿತ್ರೆ ತೆರೆದೆ. ನನ್ನ ನಮೂದುಗಳನ್ನೆಲ್ಲ ನೋಡಿದೆ. ಕೇಳು, ನಿನಗೆ ಖುಷಿಯಾಗುತ್ತದೆ. ಹೆಚ್ಚುಕಡಿಮೆ ಎಲ್ಲ ಟಿಪ್ಪಣಿಗಳೂ ಒಂದೇ: "ಸರಿಪಡಿಸಿದೆ". ಎರಡು ಕಡೆ "ಮತ್ತೆ ಸರಿಪಡಿಸಿದೆ". ಒಂದು ಕಡೆ "ಈಗ ಸರಿ ಇರಬೇಕು". ನಿನಗೆ ಆರು ವರ್ಷ ಟಿಪ್ಪಣಿ ಬರಿ ಬರಿ ಎಂದು ಪಾಠ ಹೇಳಿದವನು ನಾನೇ.

ಏಳನೇ ವಾಲ್ವಿನ ಸಾಲು ನನ್ನದಲ್ಲ. ಮುಟ್ಟಬಾರದು ಎಂದಷ್ಟೇ ನೆನಪಿತ್ತು, ಯಾಕೆಂದು ಮರೆತಿದ್ದೇನೆ. ಅದು ಬೋದಿಲ್ ಬರೆದದ್ದು. ಅವಳ ಟಿಪ್ಪಣಿಗಳನ್ನು ನಾನು ತೆರೆಯಲಿಲ್ಲ.

ನಿನ್ನ "ಆರಂಭ" ಎಂಬ ಒಂದು ಪದದ ಕೆಳಗೆ ಹೋದದ್ದು ನನ್ನ ಹೆಸರಲ್ಲ ಹುಡುಗಿ. ಇನ್ನು ನಿನಗೆ ಬೇಕಾದಷ್ಟು ಅರ್ಥ ಮಾಡಿಕೋ.

ತೋರ್ಕಿಲ್

*

ವಿಲ್‌ಬೆಕ್, 4 ಡಿಸೆಂಬರ್

ಪ್ರಿಯ ತೋರ್ಕಿಲ್,

ನಿಮ್ಮ ಪತ್ರವನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಒಂದು ವಾರ ಓಡಾಡಿದೆ.

ನನಗೆ ಗೊತ್ತಿರಲಿಲ್ಲ. ನಿಮ್ಮ ಹೆಂಡತಿ ಇಲ್ಲಿ ಕೆಲಸ ಮಾಡುತ್ತಿದ್ದರು ಎಂದು ಗೊತ್ತಿತ್ತು. ನಾನು ಸೇರುವ ಎರಡು ವರ್ಷ ಮುಂಚೆ ತೀರಿಕೊಂಡರು ಎಂದೂ ಗೊತ್ತಿತ್ತು. ಆದರೆ ಹೆನ್ನಿಂಗ್ ಹೇಳಿದ್ದು, "ಬೋದಿಲ್ಲಾ? ಬಿಲ್ಲು ಮಾಡ್ತಿದ್ಲು, ಆಫೀಸಲ್ಲಿ" ಎಂದು. ನೀವು ಒಂದು ದಿನವೂ ಬೇರೆ ಹೇಳಲಿಲ್ಲ. ಆರು ವರ್ಷ ಒಂದೇ ಕೋಣೆಯಲ್ಲಿ ರೈ ಬ್ರೆಡ್ ತಿಂದೆವು, ಹವಾಮಾನದ ಬಗ್ಗೆ, ಸೈಕಲ್ ಬಗ್ಗೆ, ಹೆನ್ನಿಂಗ್ ಬಗ್ಗೆ ಮಾತಾಡಿದೆವು. ನಾನು ದಿನವೂ ತಿದ್ದುತ್ತಿದ್ದ ಕೋಡಿನ ಅರ್ಧ ನಿಮ್ಮ ಹೆಂಡತಿಯದು ಎಂದು ಹೇಳಲು ನಿಮಗೆ ಬಾಯಿ ಬರಲಿಲ್ಲವಾ? ಹಳೆಯದನ್ನು ಬಿಟ್ಟುಬಿಡಲೇ ಎಂದು ಕೇಳಿದಾಗ "ಬೇಡ" ಎಂದರೆ ಮುಗಿಯುತ್ತಿತ್ತು. ಒಂದು "ಬೇಡ"! ನೀವು ಅದನ್ನೂ ಉಳಿತಾಯ ಮಾಡಿದಿರಿ.

ನನಗೆ ನಿಮ್ಮ ಮೇಲೆ ಸಿಟ್ಟಿದೆ. ಅದರ ಜೊತೆಗೆ ನಾಚಿಕೆಯೂ ಇದೆ, ಯಾಕೆಂದರೆ ಹಳೆಯ ಭಂಡಾರದಲ್ಲಿ "ಬಿ.ಏ." ಎಂಬ ಗುರುತನ್ನು ನೋಡಿಯೇ ಅಳಿಸಿದ್ದು. ಯಾರೋ ಹಳೆಯ ಗುತ್ತಿಗೆಯವರಿರಬೇಕು ಎಂದುಕೊಂಡಿದ್ದೆ. ಕ್ಷಮಿಸಿ. ಒಂದೇ ಸಲ ಹೇಳುತ್ತೇನೆ, ಮನಸ್ಸಿನಿಂದ ಹೇಳುತ್ತೇನೆ.

ಎಂಗ್ವೈಯಲ್ಲಿ ಮನೆಮನೆಗೂ ವಿದ್ಯುತ್ ಹೀಟರ್ ಹಂಚಿದ್ದೇವೆ. ಎಲ್ಸೆಬೆತ್ ಅಜ್ಜಿ ಅಡುಗೆಮನೆಯಲ್ಲೇ ಹಾಸಿಗೆ ಹಾಕಿಕೊಂಡಿದ್ದಾರೆ. ನಿನ್ನೆ ಹೋಗಿದ್ದೆ, ಮಾತಾಡುವಾಗ ಬಾಯಿಂದ ಹಬೆ ಬರುತ್ತಿತ್ತು. ನನಗೇ ಕಾಫಿ ಮಾಡಿಕೊಟ್ಟು ಕೈ ಬೆಚ್ಚಗೆ ಮಾಡಿಕೋ ಎಂದರು. ಬೈದಿದ್ದರೆ ಚೆನ್ನಾಗಿತ್ತು. ಪೈಪಿನ ಜಾಡು ಹಿಡಿದು ರಸ್ತೆ ಅಗೆಯೋಣವೆಂದರೆ ಎಲ್ಲಿ ಅಗೆಯಬೇಕೆಂದು ಗೊತ್ತಿಲ್ಲ, ಮಣ್ಣು ಕಲ್ಲಾಗಿದೆ.

ಆ ಒಂದು ಟಿಪ್ಪಣಿ ತೆರೆಯಿರಿ ತೋರ್ಕಿಲ್. ನಿಮಗಾಗದಿದ್ದರೆ ನನಗೆ ಕಳಿಸಿ.

ಕಾಯುತ್ತಿರುವ
ಮಲೇನ

*

ಸಾಮ್ಸೋ, 13 ಡಿಸೆಂಬರ್

ಮಲೇನ,

ಡಿಸ್ಕ್ ಇದರ ಜೊತೆ ಇದೆ. ಗ್ರೆಥೆಯ ಕಾಲುಚೀಲದಲ್ಲಿ ಸುತ್ತಿದ್ದೇನೆ, ಕಾಲುಚೀಲ ವಾಪಸ್ ಕಳಿಸು. ಇಡೀ ಭಂಡಾರ ಅದರಲ್ಲಿದೆ. ಆದರೆ ಒಂದು ಷರತ್ತು, ಅದಕ್ಕೂ ಮುಂಚೆ ಒಂದು ವಿಷಯ ಹೇಳಬೇಕು. ನಾಲ್ಕು ಸಲ ಬರೆದು ಹರಿದಿದ್ದೇನೆ.

2006ರ ಸೆಪ್ಟೆಂಬರ್‌ನಲ್ಲಿ ಬಾಯ್ಲರಿನದೇನೋ ತೊಂದರೆ ಬಂತು. ಭಂಡಾರದಿಂದ ಹೊಸ ಪ್ರತಿ ತೆಗೆದುಕೊಳ್ಳದೆ, ಸ್ಥಾವರದಲ್ಲಿ ಓಡುತ್ತಿದ್ದ ಕಂಪ್ಯೂಟರಿನಲ್ಲೇ ಕೂತು ನಾನು ಕೋಡ್ ತಿದ್ದಿದೆ. ಆಮೇಲೆ ಅದನ್ನೇ ಭಂಡಾರಕ್ಕೆ ಹಾಕಿದೆ. ಅಷ್ಟರಲ್ಲಿ ಬೋದಿಲ್ ಇಡೀ ಬೇಸಿಗೆ ಕೂತು ಮಾಡಿದ ಕೆಲಸ ಭಂಡಾರದೊಳಗಿತ್ತು. ನನ್ನ ಹಳೆಯ ಫೈಲು ಅದರ ಮೇಲೆ ಕೂತುಬಿಟ್ಟಿತು. ಅವಳದನ್ನು ಚರಿತ್ರೆಯಿಂದ ಹೊರತೆಗೆಯಬಹುದಿತ್ತು, ತೆಗೆದಳು. ತೆಗೆದ ಮೇಲೆ ನಾನು ಇನ್ನೊಂದು ಸಲ ಅದೇ ಮಾಡಿದೆ.

ಆವತ್ತು ಮಾತು ಬಿಟ್ಟಳು. ಮನೆಯಲ್ಲೂ ಇಲ್ಲ, ಕಾರಿನಲ್ಲೂ ಇಲ್ಲ, ಆಫೀಸಿನಲ್ಲಿ ಎದುರುಬದುರು ಮೇಜಿನಲ್ಲಿ ಕೂತೂ ಇಲ್ಲ. ನಾನೂ ಬಿಟ್ಟೆ. ಕೆಲಸ ನಡೆಯಬೇಕಲ್ಲ, ಹಾಗಾಗಿ ಭಂಡಾರದ ಟಿಪ್ಪಣಿಯಲ್ಲಿ ಮಾತ್ರ ಮಾತು. ಮೊದಲು ಕೆಲಸದ ಮಾತು. ಬರುಬರುತ್ತಾ ಎಲ್ಲವೂ ಅಲ್ಲೇ.

ಬೋದಿಲ್: ತೋರ್ಕಿಲ್ ಕೆಡಿಸಿದ್ದನ್ನು ಮತ್ತೆ ಬರೆದೆ.
ತೋರ್ಕಿಲ್: ಸರಿಪಡಿಸಿದೆ.
ಬೋದಿಲ್: ಸರಿಪಡಿಸಿಲ್ಲ. ಓದಿ ನೋಡುವ ಅಭ್ಯಾಸ ಇಟ್ಟುಕೋ. ಬ್ರೆಡ್ ಮುಗಿದಿದೆ.
ತೋರ್ಕಿಲ್: ಸರಿಪಡಿಸಿದೆ. ತಂದಿದ್ದೇನೆ.
ಬೋದಿಲ್: ಇದು ಬೆಳ್ಳುಳ್ಳಿ ಬ್ರೆಡ್.

ನಗಬೇಡ. ಇವು ನನಗೆ ಬಾಯಿಪಾಠ ಇರುವವು. ಬಾಯಿಪಾಠ ಇಲ್ಲದವೂ ಇವೆ, ನನ್ನ ಅಮ್ಮನ ಬಗ್ಗೆ, ನನ್ನ ಬಗ್ಗೆ, ನಮಗೆ ಮಕ್ಕಳಾಗದ ಬಗ್ಗೆ. ಅವು ಅಲ್ಲಿವೆ ಎಂದು ಗೊತ್ತಿದೆ, ತೆರೆಯಲಾರೆ. ಕ್ರಿಸ್ಮಸ್ ಹತ್ತಿರ ಬಂದಾಗ ಒಂದು ನಮೂದಿನಲ್ಲಿ, "ಇವತ್ತು ಕಾರು ನೀನು ಓಡಿಸು, ನನಗೆ ಬೆನ್ನು ನೋವು" ಎಂದು ಬರೆದಳು. ಓಡಿಸಿದೆ. ದಾರಿಯಲ್ಲಿ ಇಬ್ಬರೂ ಮಾತಾಡಿದೆವು. ಜಗಳ ಅಲ್ಲಿಗೆ ಮುಗಿಯಿತು. ಆ ಬೆನ್ನು ನೋವು ಏನೆಂದು ನಮಗೆ ಗೊತ್ತಾದದ್ದು ಫೆಬ್ರವರಿಯಲ್ಲಿ.

ಈಗ ಹೇಳು, ಹಳೆಯ ಚರಿತ್ರೆ ಸಾಗಿಸಲೇ ಬಿಡಲೇ ಎಂದು ನೀನು ಕೇಳಿದಾಗ ನಾನು ಏನು ಹೇಳಬೇಕಿತ್ತು? ಹಳೆಯದರಲ್ಲಿ ಅಷ್ಟು ಹಿಂದಕ್ಕೆ ಹೋಗಿ ಯಾರೂ ನೋಡುತ್ತಿರಲಿಲ್ಲ; ಸಾಗಿಸು ಎಂದರೆ ನೀನು ಓದುತ್ತೀ, ನಮ್ಮ ಕೋಡಿನ ಕೆಲಸ ಮಾಡುವ ಆರ್ಹುಸ್‌ನ ಆ ಗುತ್ತಿಗೆ ಹುಡುಗರು ಓದುತ್ತಾರೆ, ಹೆನ್ನಿಂಗ್ ಕಾಫಿ ಹೊತ್ತಿನಲ್ಲಿ ಗಟ್ಟಿಯಾಗಿ ಓದುತ್ತಾನೆ. ಬೇಡ ಎಂದರೆ ಅವಳು ಇರಲೇ ಇಲ್ಲ ಎಂದಾಗುತ್ತದೆ. "ನಿನ್ನಿಷ್ಟ" ಎಂದೆ. ಸೋಮವಾರ ಬಂದು ನೋಡಿದರೆ ಅವಳು ಇರಲಿಲ್ಲ.

ಷರತ್ತು ಇಷ್ಟೇ. ಅವಳ ಹೆಸರು ಇರಲಿ. ಅವಳು ಮಾಡಿದ ಬದಲಾವಣೆಗಳು ಸಾಲುಸಾಲೂ ಇರಲಿ. ಅವಳ ಮಾತುಗಳನ್ನು ಮಾತ್ರ ತೆಗೆದುಹಾಕು, ಎಲ್ಲವನ್ನೂ. ನಿನಗೆ ವಾಲ್ವಿನದು ಬೇಕು, ಅದನ್ನು ಓದಿಕೋ. ಉಳಿದದ್ದು ಸ್ಥಾವರದ ಸ್ವತ್ತಲ್ಲ, ನಮ್ಮ ಮನೆಯ ಮಾತು.

ತೋರ್ಕಿಲ್

*

ವಿಲ್‌ಬೆಕ್, 8 ಜನವರಿ 2017

ಪ್ರಿಯ ತೋರ್ಕಿಲ್,

ಎಂಗ್ವೈ ಬೆಚ್ಚಗಿದೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಡಿಸ್ಕ್ ಬಂದ ದಿನವೇ ಏಳನೇ ವಾಲ್ವಿನ ನಮೂದು ಹುಡುಕಿದೆ. 2006ರ ನವೆಂಬರ್, ಅಂದರೆ ನಿಮ್ಮ ಮಾತು ನಿಂತಿದ್ದ ಹೊತ್ತಿನದು. ನೀವು ತೆರೆದಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತೇನೆ, ಇದೊಂದನ್ನು ಮಾತ್ರ:

"ಏಳು ಎಂದರೆ ನಕ್ಷೆಯ ಏಳಲ್ಲ, ಫಿಟ್ಟರ್ ತನ್ನ ಲೆಕ್ಕದಲ್ಲಿ ಹೇಳಿದ ಏಳು. ಎಂಗ್ವೈ ಕೊನೆಯ ಮನೆಯ ಬೇಲಿಯ ಕೆಳಗಿನ ಗುಂಡಿಯಲ್ಲಿದೆ. ಅಲ್ಲಿ ನೆಲ ಜವುಗು, ಆಳ ತೋಡಲಾಗದೆ ಪೈಪನ್ನು ತೀರಾ ಮೇಲೇ ಹೂತಿದ್ದಾರೆ. ಗಟ್ಟಿ ಚಳಿಯಲ್ಲಿ ನೀರು ನಿಂತರೆ ತಣ್ಣಗಾಗುತ್ತದೆ, ಸ್ವಲ್ಪ ಸ್ವಲ್ಪ ಹರಿಯುತ್ತಲೇ ಇರಬೇಕು. ಇಡೀ ದಿನ ಆ ಗುಂಡಿಯಲ್ಲಿ ನಿಂತು ಪರೀಕ್ಷೆ ಮಾಡಿದ್ದೇನೆ, ಬೂಟಿನೊಳಗೆಲ್ಲ ಕೆಸರು. ತೋರ್ಕಿಲ್ ಇದನ್ನು ಮುಟ್ಟಕೂಡದು. ಮುಟ್ಟಿದರೆ ನಾನು ಆಲ್‌ಬೋರ್ಗ್‌ಗೆ ಅಕ್ಕನ ಮನೆಗೆ ಹೋಗುತ್ತೇನೆ."

ನೀವು ಮುಟ್ಟಲಿಲ್ಲ. ಹತ್ತು ವರ್ಷ ಮುಟ್ಟಲಿಲ್ಲ. ಮುಟ್ಟಿದವಳು ನಾನು.

ಫಿಟ್ಟರ್‌ನ ಕರೆದುಕೊಂಡು ಹೋಗಿ ಎಲ್ಸೆಬೆತ್ ಅಜ್ಜಿಯ ಬೇಲಿಯಡಿ ಕೆದಕಿದೆವು. ಎಲೆ, ಮಣ್ಣು, ಅದರ ಕೆಳಗೆ ಕಬ್ಬಿಣದ ಮುಚ್ಚಳ. ಅಜ್ಜಿ ಕಿಟಕಿಯಿಂದ ಕೂಗಿ ಕೇಳಿದರು, "ಆ ಮುಚ್ಚಳಾನಾ ಹುಡುಕ್ತಿದ್ದಿದ್ದು ನೀವು? ನನ್ನ ಕೇಳೋದಲ್ವಾ?" ತಲೆ ಚಚ್ಚಿಕೊಳ್ಳುವಂತಾಯಿತು. ಬೇಸಿಗೆಯ ವೈರಿಂಗ್‌ನಲ್ಲಿ ಅದರ ತಂತಿಯನ್ನೇ ಕಿತ್ತುಹಾಕಿದ್ದರು, ನಕ್ಷೆಯಲ್ಲಿ ಇಲ್ಲವೆಂದು. ಹೊಸ ತಂತಿ ಎಳೆಸಿದೆವು. ಸಂಜೆಯ ಹೊತ್ತಿಗೆ ರೇಡಿಯೇಟರು ಟಿಕ್ ಟಿಕ್ ಎನ್ನತೊಡಗಿತು. ಅಜ್ಜಿ ಅದರ ಮೇಲೆ ಕೈಯಿಟ್ಟುಕೊಂಡು ನಿಂತರು.

ಇನ್ನು ನಿಮ್ಮ ಷರತ್ತು. ಮಾಡಿದ್ದೇನೆ. ಮಾಡುವಾಗ ನಿಮ್ಮನ್ನು ಎಷ್ಟು ಬೈದೆ ಎಂದು ಹೇಳುವುದಿಲ್ಲ. ಹಳೆಯ ಚರಿತ್ರೆಯನ್ನು ತಂದು ನನ್ನ "ಆರಂಭ"ದ ಕೆಳಗೆ ಕೂರಿಸುವುದೇ ಒಂದು ಯಜ್ಞವಾಯಿತು. ಹೊಸ ಭಂಡಾರದಲ್ಲಿ ಪ್ರತಿ ನಮೂದಿನ ಗುರುತು ಅದರೊಳಗಿನ ಮಾತು ಮತ್ತು ಅದರ ಹಿಂದಿನ ನಮೂದಿನ ಗುರುತು ಸೇರಿಯೇ ಆಗುವುದು. ಹಳೆಯದೊಂದರಲ್ಲಿ ಒಂದು ಪದ ತೆಗೆದರೂ ಅಲ್ಲಿಂದ ಈಚೆಯದೆಲ್ಲ ಬೇರೆಯೇ ಆಗಿಬಿಡುತ್ತದೆ. ಹಾಗಾಗಿ ಎಲ್ಲರ ಬಳಿಯಿದ್ದ ಪ್ರತಿಗಳೂ ಒಂದೇ ಏಟಿಗೆ ಕೆಲಸಕ್ಕೆ ಬಾರದವಾದವು. ಆರ್ಹುಸ್‌ನವರು ಒಂದು ಸಲ ಹಳೆಯದನ್ನು ಕೂರಿಸಿದಾಗ ಬೈದರು, ಮಾತು ತೆಗೆದಾಗ ಇನ್ನೊಂದು ಸಲ ಬೈದರು. "ನಿಮ್ಮೂರಲ್ಲಿ ಬೇರೆ ಕೆಲಸ ಇಲ್ವೇನ್ರೀ?" ಎಂದರು. ಇಲ್ಲ ಎಂದೆ.

ಮಾತು ತೆಗೆಯುವ ಕೆಲಸ ಯಂತ್ರಕ್ಕೆ ಒಪ್ಪಿಸಿದೆ, ನಾನು ಓದಲಿಲ್ಲ. ಪೂರ್ತಿ ಸುಳ್ಳು ಹೇಳಲಾರೆ, ಮೊದಲ ದಿನ ವಾಲ್ವಿನದು ಹುಡುಕುವಾಗ ಅಕ್ಕಪಕ್ಕದವು ಕಣ್ಣಿಗೆ ಬಿದ್ದವು. ಒಂದಕ್ಕೆ ಜೋರಾಗಿ ನಕ್ಕೆ, ಒಂದನ್ನು ಓದಿ ಎದ್ದು ಹೊರಗೆ ಹೋದೆ. ವಾಲ್ವಿನ ಕಾರಣವನ್ನು ನನ್ನ ಮಾತಿನಲ್ಲಿ ಕೋಡಿನ ಪಕ್ಕ ಬರೆದಿಟ್ಟಿದ್ದೇನೆ, ಇನ್ನು ಯಾರೂ ತೆಗೆಯಲಾರರು. ಈಗ ಭಂಡಾರದಲ್ಲಿ ಬೋದಿಲ್ ಏಬಿಲ್ಡ್ ಎಂದು ಪೂರ್ತಿ ಹೆಸರಿದೆ, ದಿನಾಂಕವಿದೆ, ಬದಲಾವಣೆಯಿದೆ. ಮಾತು ಇದ್ದ ಕಡೆ ಖಾಲಿ.

ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿ ನಿಮ್ಮ ಡಿಸ್ಕ್ ಜೊತೆ ಕಳಿಸುತ್ತಿದ್ದೇನೆ. ನೋಡಿ ಸರಿಯಿದೆ ಎಂದು ಒಂದು ಸಾಲು ಬರೆಯಿರಿ. ದಯವಿಟ್ಟು "ಸರಿಪಡಿಸಿದೆ" ಎಂದು ಮಾತ್ರ ಬರೆಯಬೇಡಿ.

ಸುಸ್ತಾಗಿರುವ
ಮಲೇನ

(ಕಾಲುಚೀಲವೂ ಇದೆ. ಒಗೆದಿದ್ದೇನೆ.)

*

ಸಾಮ್ಸೋ, 21 ಜನವರಿ

ಪ್ರಿಯ ಮಲೇನ,

ಬಂತು. ಗ್ರೆಥೆಯ ಮೊಮ್ಮಗಳ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿದೆ. ವಾಪಸ್ ಹಾಕು.

ಪತ್ರವನ್ನು ಮುದುರಿ ಬಿಸಾಡುವ ಮುಂಚೆ ಪೂರ್ತಿ ಓದು. ನೀನು ನಾನು ಕೇಳಿದ್ದನ್ನೇ ಮಾಡಿದ್ದೀಯ, ಒಂದು ಕೂದಲಷ್ಟೂ ತಪ್ಪಿಲ್ಲ. ತಪ್ಪು ಕೇಳಿದವನದು. ಎರಡು ಸಲ ಬೈಸಿಕೊಂಡಿದ್ದೀಯ, ಮೂರನೆಯ ಸಲವೂ ಬೈಸಿಕೋ. ಆರ್ಹುಸ್‌ನವರಿಗೆ ನನ್ನ ಹೆಸರು ಹೇಳು, ಬೇಕಾದರೆ ಇಲ್ಲಿಯ ಫೋನ್ ನಂಬರ್ ಕೊಡು. ಈ ಸಲ ನಾನೇ ಎತ್ತುತ್ತೇನೆ.

ಸಂಜೆ ಗ್ರೆಥೆ ಚರ್ಚಿನ ಹಾಡಿನ ಅಭ್ಯಾಸಕ್ಕೆ ಹೋಗಿದ್ದಳು. ಒಬ್ಬನೇ ಕೂತು 2006ರ ಸೆಪ್ಟೆಂಬರ್‌ನಿಂದ ಓದುತ್ತಾ ಬಂದೆ. ಬೋದಿಲ್, ಖಾಲಿ. ತೋರ್ಕಿಲ್, ಸರಿಪಡಿಸಿದೆ. ಬೋದಿಲ್, ಖಾಲಿ. ತೋರ್ಕಿಲ್, ಸರಿಪಡಿಸಿದೆ. ಬೋದಿಲ್, ಖಾಲಿ. ತೋರ್ಕಿಲ್, ಸರಿಪಡಿಸಿದೆ, ತಂದಿದ್ದೇನೆ. ಏನು ತಂದೆ, ಯಾರಿಗೆ ತಂದೆ? ಇದನ್ನು ನಾಳೆ ಯಾರಾದರೂ ಓದಿದರೆ ಒಬ್ಬ ಹುಚ್ಚ ಗೋಡೆಗೆ ಉತ್ತರ ಕೊಡುತ್ತಿದ್ದ ಎಂದುಕೊಳ್ಳುತ್ತಾರೆ. ಹೆಸರು ಇದ್ದರೆ ಸಾಕು ಎಂದುಕೊಂಡಿದ್ದೆ. ಹೆಸರು ಸಮಾಧಿಕಲ್ಲಿನ ಮೇಲೂ ಇದೆ, ಪ್ರತಿ ಭಾನುವಾರ ನೋಡುತ್ತಿದ್ದೆನಲ್ಲ, ಅದು ಒಂದು ದಿನವೂ ನನ್ನನ್ನು ಬೈಯಲಿಲ್ಲ.

ಆಮೇಲೆ ಏಳನೇ ವಾಲ್ವಿನ ಪಕ್ಕ ನೀನು ಬರೆದ ಕಾರಣ ಓದಿದೆ. ಚೆನ್ನಾಗಿದೆ, ಅಚ್ಚುಕಟ್ಟಾಗಿದೆ. ಆದರೆ ನಿನ್ನ ಮಾತಿನಲ್ಲಿ ಯಾಕೆ? ಅವಳ ಮಾತಿಗೆ ಏನಾಗಿತ್ತು? ಅವಳ ಬೂಟಿನ ಕೆಸರು ಎಲ್ಲಿ ಹೋಯಿತು? ನನ್ನನ್ನು ಬಿಟ್ಟು ಅಕ್ಕನ ಮನೆಗೆ ಹೋಗುತ್ತೇನೆ ಎಂದದ್ದು ಎಲ್ಲಿ? ಅದನ್ನು ನಾನು ಹತ್ತು ವರ್ಷ ಓದಿರಲಿಲ್ಲ, ನಿನ್ನ ಪತ್ರದಲ್ಲಿ ಓದಿದೆ. ಓದಿ ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ "ಹೋಗು, ಹೋಗು, ಯಾರು ತಡೀತಾರೆ" ಎಂದುಬಿಟ್ಟೆ. ಗ್ರೆಥೆ ಹೆದರಿದಳು.

ಅದಾದ ಮೇಲೆ ಹಳೆಯ ಡಿಸ್ಕ್ ಹಾಕಿ ಅವಳವನ್ನೆಲ್ಲ ಓದಿದೆ. ಎಲ್ಲವನ್ನೂ, ನನ್ನ ಅಮ್ಮನ ಬಗ್ಗೆ ಬರೆದದ್ದನ್ನೂ, ಮಕ್ಕಳ ಬಗ್ಗೆ ಬರೆದದ್ದನ್ನೂ. ಕೆಲವು ನಾನು ಹೆದರಿದ್ದಕ್ಕಿಂತ ಕೆಟ್ಟದಾಗಿವೆ. ನೀನು ಎದ್ದು ಹೊರಗೆ ಹೋದದ್ದು ಯಾವುದನ್ನು ಓದಿ ಎಂದು ಊಹಿಸಬಲ್ಲೆ. ನಾನೂ ಎದ್ದು ಹೋದೆ, ಮತ್ತೆ ಬಂದು ಕೂತೆ.

ಮಲೇನ, ಡಿಸ್ಕ್ ಮತ್ತೆ ಇದರ ಜೊತೆ ಇದೆ, ಅವಳ ಮಾತು ಒಂದನ್ನೂ ಬಿಡದೆ ಹಾಕು. ಹೆನ್ನಿಂಗ್ ಕಾಫಿ ಹೊತ್ತಿನಲ್ಲಿ ಗಟ್ಟಿಯಾಗಿ ಓದಲಿ, ಆರ್ಹುಸ್‌ನ ಹುಡುಗರು ನಗಲಿ, ಮಹಾಸಭೆಯಲ್ಲಿ ಬೇಕಾದರೆ ಎಲ್ಸೆಬೆತ್ ಹೆಣಿಗೆ ನಿಲ್ಲಿಸಿ ಕೇಳಲಿ. ನನಗೆ ನಾಚಿಕೆಯಾಗುತ್ತದೆ, ಆಗಲಿ. ಆ ಕೋಣೆಯಲ್ಲಿ ಅವಳು ನನ್ನ ಎದುರಿಗೇ ಕೂತಿದ್ದಳು, ನನ್ನ ಮೇಲೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅದು ಗೊತ್ತಾಗಬೇಕು.

ತೋರ್ಕಿಲ್